ಹೈಬ್ರಿಡ್ ಸೈಕಲ್ಲಿಗೆ ಕುಂಕುಮ

ಹೊಸ ಟಯರಿನ ವಾಸನೆ ನನಗೆ ಆಗುವುದಿಲ್ಲ. ಇವತ್ತು ಕೊಚ್ಚಿಯ ಈ ಸೈಕಲ್ ಅಂಗಡಿಗೆ ಕಾಲಿಡುತ್ತಲೇ ಅದು ಮುಖಕ್ಕೆ ಬಡಿಯಿತು. ಅಳಿಯ ಶಿವಲಿಂಗನಿಗೆ ಬಿ.ಪಿ. ಏರಿದೆ. ಬ್ಯಾಂಕಿನ ಕುರ್ಚಿ ಬಿಟ್ಟು ಸ್ವಲ್ಪ ಮೈ ಬೆವರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಮಗಳು ಜಯ ಅವನಿಗೆ ಸೈಕಲ್ ಕೊಡಿಸಲು ಹೊರಟಳು, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀ ಎಂದು ನನ್ನನ್ನೂ ಎಳೆದು ತಂದಳು. ಅಂಗಡಿಯವನು ‘ಅಮ್ಮಚ್ಚಿ’ ಎಂದು ಕರೆದು ಸ್ಟೂಲು ಕೊಟ್ಟ. ಕೂತೆ. ಕೂತ ಮೇಲೆ ತಿರುವನಂತಪುರದ ಆ ಬೆಳಿಗ್ಗೆ ತಲೆಯೊಳಗೆ ಬಂದು ಕೂತಿತು, ಎದ್ದು ಹೋಗಲಿಲ್ಲ.

ಕೆಲವು ವರ್ಷದ ಹಿಂದೆ ನಾವು ಅಲ್ಲಿದ್ದೆವು. ಮಂಡ್ಯದ ಬಯಲಲ್ಲಿ ಬೆಳೆದ ನನಗೆ ಆ ಊರಿನ ಏರಿಳಿತ ಇಂದಿಗೂ ಅರ್ಥವಾಗಿಲ್ಲ. ಎಲ್ಲಿಗೆ ಹೊರಟರೂ ಒಂದೋ ಹತ್ತಬೇಕು, ಇಲ್ಲ ಇಳಿಯಬೇಕು. ಚಾಲೈ ಪೇಟೆಯಿಂದ ತರಕಾರಿ ತರುವಾಗ ನನ್ನ ಮಂಡಿ ನನಗೇ ಬೈಯುತ್ತಿತ್ತು. ಅಂಥ ಊರಲ್ಲಿ ನನ್ನ ಮಗಳು ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತೇನೆ ಎಂದಳು.

ಹುಚ್ಚೇನಲ್ಲ. ನನ್ನ ಗಂಡ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ಸತ್ತ. ಜಯಳ ರಕ್ತದಲ್ಲೂ ಸಕ್ಕರೆ ಅದೇ ಅಂಚಿಗೆ ಬಂದು ನಿಂತಿತ್ತು. ನಡಿಗೆ, ಯೋಗ ಎಲ್ಲ ಶುರು ಮಾಡಿ ಬಿಟ್ಟಿದ್ದಳು. ಆಫೀಸಿಗೆ ಹೇಗೂ ಹೋಗಲೇಬೇಕು, ಹೋಗುವ ದಾರಿಯಲ್ಲೇ ಮೈ ದಂಡಿಸಿದರೆ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅವಳ ಲೆಕ್ಕ. ಶಿವಲಿಂಗ ಬೇಡವೆಂದ. ಬಸ್ಸಿನವರು ಕೊಲ್ಲುತ್ತಾರೆ ಎಂದ. ಒಂದು ಕಡೆ ಸಕ್ಕರೆ, ಇನ್ನೊಂದು ಕಡೆ ಬಸ್ಸು; ನಾನು ಯಾರ ಕಡೆ ಮಾತಾಡಬೇಕಿತ್ತು, ನೀವೇ ಹೇಳಿ.

ಅಂಗಡಿಗೆ ಹೋದ ದಿನ ಅವನು ಒಳಗೆ ಬರಲೇ ಇಲ್ಲ. ಹೊರಗೆ ಸ್ಕೂಟರಿನ ಮೇಲೆ ಕೂತು ಫೋನು ತಿಕ್ಕುತ್ತಿದ್ದ. ಒಳಗೆ ರೇಸಿನವರ ತೆಳು ಟಯರಿನ ಸೈಕಲ್ಲು, ಬೆಟ್ಟ ಹತ್ತುವವರ ದಪ್ಪ ಟಯರಿನ ಸೈಕಲ್ಲು, ಎರಡರ ನಡುವಿನದೊಂದು. ನಡುವಿನದಕ್ಕೆ ಹೈಬ್ರಿಡ್ ಎಂದರು. ಹೈಬ್ರಿಡ್ ಎಂದರೆ ನನಗೆ ಗೊತ್ತಿದ್ದದ್ದು ಟೊಮೆಟೊ, ಜೋಳ. ನೋಡಲು ಚೆನ್ನಾಗಿರುತ್ತೆ, ರುಚಿ ಇರಲ್ಲ ಎಂದೆ. ಜಯ ನಗಲಿಲ್ಲ. ಅಗ್ಗದ್ದರ ಗೇರು ಬೇಗ ಹಾಳಾಗುತ್ತದೆ, ದುಬಾರಿಯದ್ದನ್ನು ಆಫೀಸಿನ ಮುಂದೆ ನಿಲ್ಲಿಸಲು ಭಯ ಎಂದು ಮಧ್ಯಮ ಬೆಲೆಯದನ್ನು ಆರಿಸಿದಳು. ಮಡ್‌ಗಾರ್ಡು, ಊಟದ ಡಬ್ಬಿಗೆ ಕ್ಯಾರಿಯರು ಹಾಕಿಸಿದಳು. ಮಳೆಯಲ್ಲಿ, ಇಳಿಜಾರಿನಲ್ಲಿ ಚೆನ್ನಾಗಿ ಹಿಡಿಯಲಿ ಎಂದು ಡಿಸ್ಕ್ ಬ್ರೇಕಿನದನ್ನೇ ಕೇಳಿದಳು. ಚಕ್ರದ ನಡುವೆ ಸ್ಟೀಲಿನ ಬಿಲ್ಲೆ ಇರುತ್ತದೆ, ಬ್ರೇಕು ಹಿಡಿಯುವುದು ಅದನ್ನೇ. ಅಂಗಡಿಯವನು ಬಿಲ್ಲೆ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮೂರನೇ ಕ್ಲಾಸಿಗೇ ಓದು ಬಿಟ್ಟವಳಿಗೆ ಅದು ಎಲ್ಲಿ ತಿಳಿಯಬೇಕು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಶಿವಲಿಂಗ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ನಮ್ಮ ಕಡೆ ಪೂಜೆಯಾಗದೆ ಹೊಸ ಗಾಡಿ ರಸ್ತೆಗಿಳಿಯುವುದಿಲ್ಲ. ಬೇಡವೆಂದವನೂ ಅದನ್ನು ಮೀರಲಾರ. ಒಣ ಕುಂಕುಮ ಗಾಳಿಗೆ ಉದುರುತ್ತದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಂಡು ಹ್ಯಾಂಡಲ್ಲಿಗೆ, ಸೀಟಿಗೆ, ಬೆಲ್ಲಿಗೆ ಬೊಟ್ಟಿಟ್ಟ. ಬಿಲ್ಲೆಗಳು ಹೊಳೆಯುತ್ತಿದ್ದವಲ್ಲ, ಅವಕ್ಕೆ ಧಾರಾಳವಾಗಿಯೇ ಹಚ್ಚಿದ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಣ್ಣು ಮುಚ್ಚಿ ಕೈಮುಗಿದ. ಜಯ ಬಂದು ನಿಂತಳು. ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದಳು. ವೇಲಿನ ತುದಿಯಿಂದ ಬಿಲ್ಲೆಗಳನ್ನು ಒರೆಸಿ, ಹತ್ತಿ ಹೊರಟಳು.

ತಲುಪಿದ ಕೂಡಲೇ ಫೋನು ಮಾಡುತ್ತೇನೆ ಎಂದಿದ್ದಳು. ಮಾಡಲಿಲ್ಲ. ಅವನು ಮಾಡಿದರೆ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಗೇಟಿನ ತನಕ ಹೋಗುತ್ತಾನೆ, ಬರುತ್ತಾನೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನಾನು ನೋಡುತ್ತಲೇ ನಿಂತಿದ್ದೆ, ಕೈ ಮೇಲೇಳಲಿಲ್ಲ. ದಿಣ್ಣೆಯ ಕೆಳಗಿನಿಂದ ಬಸ್ಸಿನ ಹಾರನ್ನು ಕೇಳಿದಾಗಲೆಲ್ಲ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಹುಡುಕಿಕೊಂಡು ಹೋಗುತ್ತೇನೆ ಎಂದು ಅವನು ಸ್ಕೂಟರಿನ ಕೀ ತೆಗೆದುಕೊಳ್ಳುವಷ್ಟರಲ್ಲಿ ಆಟೋ ಬಂದು ನಿಂತಿತು. ಜಯ ಇಳಿದಳು, ತುಟಿ ಒಡೆದಿತ್ತು. ಎಡಗೈಯನ್ನು ಬಲಗೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡಿದ್ದಳು. ಇಳಿಜಾರಿನಲ್ಲಿ ಬ್ರೇಕು ಹಿಡಿದಿರಲಿಲ್ಲ. ಮುಂದೆ ಬಸ್ಸು ನಿಂತಿತ್ತಂತೆ, ಅದಕ್ಕೆ ಹೊಡೆಯುವ ಬದಲು ಕಾಂಪೌಂಡಿನ ಗೋಡೆಗೆ ತಿರುಗಿಸಿದ್ದಳು.

ಮಣಿಕಟ್ಟಿಗೆ ಪ್ಲಾಸ್ಟರು ಬಿತ್ತು. ಇವತ್ತೇ ಆ ದರಿದ್ರವನ್ನು ಯಾರಿಗಾದರೂ ಕೊಟ್ಟುಬಿಡು ಎಂದ ಶಿವಲಿಂಗ. ಹೊಸ ಬ್ರೇಕು ಇನ್ನೂ ಪಳಗಿರಲಿಲ್ಲ, ಜೋರಾಗಿ ಬಿಟ್ಟದ್ದು ನನ್ನದೇ ತಪ್ಪು ಎಂದಳು ಇವಳು. ಇಬ್ಬರೂ ಮಾತು ಬಿಟ್ಟರು. ಸಾರಿಗೆ ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದರು. ಪ್ಲಾಸ್ಟರು ಬಿಚ್ಚಿದ ಮೇಲೆ ಅವಳು ಬ್ರೇಕು ಸರಿಮಾಡಿಸಿ ಮತ್ತೆ ಹತ್ತಿದಳು. ಅವನು ಬಾಯಿ ಬಿಗಿದುಕೊಂಡು ಅವಳ ಆಫೀಸಿನವರೆಗೂ ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದ, ಮದುವೆಗೆ ಮುಂಚೆ ಹುಡುಗರು ಹೋಗುವ ಹಾಗೆ. ಸಕ್ಕರೆ ಇಳಿಯಿತು. ಅವನ ಭಯ ಇಳಿಯಲಿಲ್ಲ.

ಇವತ್ತು ಅವನು ನೋಡಿದ್ದೂ ಅಂಥದೇ ಮಧ್ಯಮ ಬೆಲೆಯ ಹೈಬ್ರಿಡ್. ಓಡಿಸಿ ನೋಡಲು ರಸ್ತೆಗೆ ಹೋದ. ಅಂಗಡಿಯವನು ಅದೇ ಜಾತಿಯ ಇನ್ನೊಂದರ ಬಿಲ್ಲೆ ಮುಟ್ಟಿ, ಇದಕ್ಕೆ ಎಣ್ಣೆ ತಾಗಿದರೆ ಒರೆಸಿದರೂ ಹೋಗುವುದಿಲ್ಲ, ಬ್ರೇಕು ಜಾರುತ್ತದೆ ಎಂದ. ಇಷ್ಟು ವರ್ಷ ಇಲ್ಲಿದ್ದು ಅಷ್ಟು ಮಲಯಾಳ ನನಗೂ ತಿಳಿಯುತ್ತದೆ; ಎಣ್ಣೆಗೆ ಅದರಲ್ಲೂ ಹೆಚ್ಚುಕಡಿಮೆ ಅದೇ ಹೆಸರು. ನಾನು ಜಯಳನ್ನು ನೋಡಿದೆ. ಅವಳು ನೆಲ ನೋಡಿದಳು.

“ನಿಂಗೆ ಅವತ್ತೇ ಗೊತ್ತಿತ್ತೇನೇ?”

“ಗೊತ್ತಿತ್ತು ಕಣಮ್ಮ. ಒರೆಸಿದ್ರೆ ಹೋಗುತ್ತೆ ಅಂದ್ಕೊಂಡೆ.”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ಬಸ್ಸಿನಡಿ ಹೋಗ್ತಿದ್ದೆಯಲ್ಲ.”

“ಅಷ್ಟು ದಿನ ಬೇಡ ಬೇಡ ಅಂದೋರು ಕೈಮುಗಿದು ಕೂತಿದ್ರು. ಹೆಂಗಮ್ಮ ಹೇಳೋದು.”

ಅನ್ನಿಸಿದ್ದನ್ನೆಲ್ಲ ಆಡಿಯೇ ಮುದುಕಿಯಾದವಳು ನಾನು. ಬಾಯಿ ಮುಚ್ಚಿಕೊಳ್ಳುವವರು ಪುಕ್ಕಲರು ಎಂದೇ ತಿಳಿದಿದ್ದೆ.

“ಈಗ ಹೇಳು,” ಎಂದೆ. “ಇನ್ನೊಂದ್ಸಲ ಗೇಟು ಕಾಯೋ ಶಕ್ತಿ ನಂಗಿಲ್ಲ.”

ಶಿವಲಿಂಗ ಬೆವರಿಕೊಂಡು ಬಂದ. ಮಂಡಿಗೆ ಹಿತವಾಗಿದೆ, ಇದೇ ಇರಲಿ ಎಂದ. ಜಯ ಬಗ್ಗಿ ಬಿಲ್ಲೆ ತೋರಿಸಿದಳು.

“ರೀ, ಇದಕ್ಕೆ ಎಣ್ಣೆ ಕುಂಕುಮ ಹಚ್ಬಾರ್ದು. ಬ್ರೇಕ್ ಹಿಡಿಯಲ್ಲ.”

ಅವನು ಬಿಲ್ಲೆ ನೋಡಿದ. ಆಮೇಲೆ ಅವಳ ಎಡಗೈಯ ಮಣಿಕಟ್ಟು ನೋಡಿದ, ಬಹಳ ಹೊತ್ತು. ಬಣ್ಣ ಹಿಡಿಸಲಿಲ್ಲವೇ ಎಂದು ಅಂಗಡಿಯವನು ಕೇಳಿದ.

“ಮತ್ತೆ ಬೊಟ್ಟು ಎಲ್ಲಿಗಿಡ್ಲಿ?” ಎಂದ ಶಿವಲಿಂಗ.

ಅವಳು ಹ್ಯಾಂಡಲ್ಲಿನ ನಡುವೆ ಬೆರಳಿಟ್ಟು ತೋರಿಸಿದಳು. ಆ ಬೆರಳನ್ನೂ ಸೇರಿಸಿ ಅವನು ಹ್ಯಾಂಡಲ್ಲು ಹಿಡಿದುಕೊಂಡ. ನಾನು ಎದ್ದು, ಬಿಲ್ಲು ಬರಿ ಎಂದು ಅಂಗಡಿಯವನಿಗೆ ಸನ್ನೆ ಮಾಡಿದೆ.