ಬಲಗಡೆಯ ಸಾಲು

ಹನೂರಿಗೆ ಕಣ್ಣಿನ ಡಾಕ್ಟರು ಬರುವುದು ವಾರಕ್ಕೊಂದೇ ದಿನ. ಊಟದ ಹೊತ್ತಿಗೆ ಹೊರಟುಬಿಡುತ್ತಾರೆ. ಕಣ್ಣಿಗೆ ಪೊರೆ ಬಂದು, ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೇ ಬಿಟ್ಟಿದ್ದರು. ಆಪರೇಷನ್ನಿಗೆ ದಿನ ಗೊತ್ತುಮಾಡಿಸಿಕೊಳ್ಳಬೇಕಿತ್ತು. ಅವತ್ತು ಅಮಾವಾಸ್ಯೆ, ಕೊಳ್ಳೇಗಾಲ ದಾಟುತ್ತಿದ್ದಂತೆ ದೇವರ ಬೆಟ್ಟಕ್ಕೆ ಹೊರಟ ವಾಹನಗಳ ಸಾಲು. "ಟೋಲ್ ಸಾಲಿನಲ್ಲೇ ಹೋಗೋಣ ರೀ" ಎಂದೆ ಯಜಮಾನರಿಗೆ.

ರಸ್ತೆ ಅಗಲ ಮಾಡಿದಾಗ, ಹೋಗುವಾಗಲೂ ಬರುವಾಗಲೂ, ಬಲಗಡೆಯ ಒಂದು ಸಾಲನ್ನು ಹಣ ಕೊಟ್ಟು ಬೇಗ ಹೋಗುವವರಿಗೆಂದು ಮೀಸಲಿಟ್ಟರು. ಪಕ್ಕಕ್ಕೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಂಬಗಳು. ಒಳಗೆ ಹೋದರೆ ಮಧ್ಯದಲ್ಲಿ ಹೊರಬರುವಂತಿಲ್ಲ. ದಾರಿಯಲ್ಲಿದ್ದ ಮಾರಮ್ಮನ ಗುಡಿಯನ್ನು ಮುಟ್ಟಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಅದು ರಸ್ತೆಯ ನಡುವೆ, ಸರಿಯಾಗಿ ಆ ಸಾಲಿಗೆ ಅಂಟಿಕೊಂಡೇ ಉಳಿಯಿತು. ರಸ್ತೆ ಕೆಲಸಕ್ಕೆ ಮೊದಲು ಊರವರನ್ನು ಕರೆದ ಸಭೆಯಲ್ಲಿ ನಾನು ಕೇಳಿದ್ದೆ: "ಗುಡಿ ಮುಂದೆ ಎಲ್ಲರೂ ನಿಲ್ಲಿಸ್ತಾರಲ್ಲ ಸರ್?"

"ನಿಲ್ಲಿಸಬಾರದು ಅಂತ ಬೋರ್ಡ್ ಹಾಕ್ತೀವಿ ಮೇಡಂ" ಎಂದಿದ್ದರು ಎಂಜಿನಿಯರು.

ಬೋರ್ಡು ಇದೆ. ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದಾರೆ.

ಅವತ್ತೂ ಅಲ್ಲಿ ನಮ್ಮ ಮುಂದಿನ ಕಾರಿನವರು ಇಳಿದು ಕಾಯಿ ಒಡೆದರು. ಅದರ ಮುಂದಿನ ಟೆಂಪೊದವರು ಕರ್ಪೂರ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಬಾವುಟ ಹಿಡಿದ ಟೋಲ್ ನೌಕರ "ಮುಂದಕ್ಕೆ ಓಗಿ ಸಾ, ಓಗಿ" ಎಂದು ಕೂಗುತ್ತಲೇ, ಅವರು ಕೊಟ್ಟ ಕಾಯಿಚೂರನ್ನು ಬಾಯಿಗೆ ಹಾಕಿಕೊಂಡ. ಕಂಬಗಳಾಚೆ, ಬಿಟ್ಟಿ ಸಾಲಿನಲ್ಲಿ, ಹುಲ್ಲು ಹೇರಿದ ಟ್ರ್ಯಾಕ್ಟರು ನಮ್ಮನ್ನು ದಾಟಿತು.

"ದುಡ್ ಕೊಟ್ಟು ನಿಂತವ್ರೆ ನೋಡ್ಲಾ!" ಎಂದು ಅದರ ಡ್ರೈವರು ಪಕ್ಕದವನಿಗೆ ತೋರಿಸಿ ನಕ್ಕ. ನಾನು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿಬಿಟ್ಟಿದ್ದೆ.

ಕೊನೆಗೂ ದಾರಿ ತೆರವಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ ಕರ್ಪೂರದ ವಾಸನೆ ಬಡಿಯಿತು.

"ನಿಲ್ಸಪ್ಪಾ, ಮಾರಮ್ಮನ ಗುಡಿ ಬಂತು."

"ಅತ್ತೆ, ಡಾಕ್ಟರು ಹೊರಟುಬಿಡ್ತಾರೆ!"

"ಕಣ್ಣಿಗೆ ಅಂತ ಓಯ್ತಾ, ಇಷ್ಟು ಅತ್ರ ಬಂದು, ಅವ್ಳ ಮುಂದೆ ನಿಲ್ದೆ ಓಗದೇನವ್ವ?"

ಯಜಮಾನರು ನಿಲ್ಲಿಸಿದರು. ಹಿಂದೆ ಹಾರ್ನುಗಳು ಕಿರುಚಿದವು. ಅತ್ತೆಯ ಕೈಹಿಡಿದು ಇಳಿಸಿದೆ. ಹಲ್ಲು ಕಚ್ಚಿಕೊಂಡೇ ತೀರ್ಥ ತೆಗೆದುಕೊಂಡೆ.

ಹನೂರಿನಲ್ಲಿ ಡಾಕ್ಟರ ಕುರ್ಚಿ ಖಾಲಿಯಿತ್ತು. "ಮುಂದಿನ ವಾರ ಬನ್ನಿ" ಎಂದರು ನರ್ಸು.

ವಾಪಸು ಬರುವಾಗ ಬಿಟ್ಟಿ ಸಾಲು ಹಿಡಿದೆವು. ಗುಡಿ ಆಚೆಗೆ, ಕಂಬಗಳ ಹಿಂದೆ ಬಂತು. ಯಜಮಾನರು ಕಾರು ನಿಧಾನ ಮಾಡಿ ಅತ್ತೆಯನ್ನು ನೋಡಿದರು.

"ಓಗು ಮಗ, ಇಲ್ಲಿಂದ್ಲೇ ಕೈ ಮುಗುದ್ರೆ ಸಾಕು" ಎಂದರು ಅತ್ತೆ. "ಅಷ್ಟು ದೂರ ಯಾರು ಇಳುದು ಓದಾರು?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ!