ಚಪ್ಪಲಿ ಕೊಡದ ಅಪ್ಪ

ಗೆಳೆಯರೇ, ಚಪ್ಪಲಿ ಸ್ಟ್ಯಾಂಡ್ ಮುಂದೆ ಅಪ್ಪ ಮಗ ಜಗಳ ಆಡೋದನ್ನ ಇವತ್ತು ಗುಂಡ್ಲುಪೇಟೆ ಜನ ಪುಕ್ಕಟೆ ನೋಡಿದ್ರು.

ನಮ್ಮ ಹಿಂದೂ ಯುವಕರ ಸೇವಾ ತರಬೇತಿ ಶಿಬಿರದ ಸಮಾರೋಪ ದೇವಸ್ಥಾನದಲ್ಲಿತ್ತು. ಬಂದವರ ಚಪ್ಪಲಿ ಎತ್ತಿಟ್ಟು ಟೋಕನ್ ಕೊಡೋದು ನನ್ನ ಪಾಲಿನ ಸೇವೆ. ಶುರುವಿನಲ್ಲಿ ಈ ಕೆಲಸ ಹೇಳಿದಾಗ ಮುಖ ಊದಿಸ್ಕೊಂಡಿದ್ದೆ, ನನಗೆ ಮೈಕ್ ಬೇಕಿತ್ತು. ಈಗ ಯಾರದ್ದಾದ್ರೂ ನಗ್ತಾ ಎತ್ತಿಡ್ತೀನಿ. ಅದನ್ನ ನೋಡಲಿ ಅಂತಾನೇ ಅಪ್ಪನ್ನ ನಮ್ಮೂರು ಕುದೇರಿಂದ ಕರೆಸಿದ್ದೆ.

ಅಪ್ಪ ಬಂದ್ರು. ನಾನು ಕೈ ಚಾಚಿದೆ. ಅವರು ಚಪ್ಪಲೀನ ಬೆನ್ನ ಹಿಂದೆ ಬಚ್ಚಿಟ್ಕೊಂಡ್ರು.

"ಬುಡ್ಲಾ, ಸಗಣಿ ಮೆತ್ಕಂಡದ. ನೀ ಮುಟ್ಬ್ಯಾಡ."

"ಎಲ್ಲರದ್ದೂ ಮುಟ್ಟಿದ್ದೀನಿ ಕಣಪ್ಪಾ, ಇದು ಸೇವೆ. ಕೊಡು."

"ಎಲ್ಲಾರ್ದೂ ಎತ್ತು, ಬ್ಯಾಡ ಅನ್ನಲ್ಲ. ನನ್ ಚಪ್ಲಿ ಎತ್ಸಕ್ಕೆ ನಿನ್ನ ಸಾಕ್ದೆ ಏನ್ಲಾ?"

ನಾನು ಎಳೆದೆ, ಅವರೂ ಎಳೆದ್ರು. ಹಿಂದೆ ಸಾಲು ಬೆಳೀತು. ಕೊನೆಗೆ ಅಪ್ಪ ಗೇಟಿನಾಚೆ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ವಾಪಸ್ ಬಂದು ಒಳಗೆ ಹೋಗಿ ಕೂತ್ರು.

ಕಾರ್ಯಕ್ರಮ ಮುಗಿದಾಗ ನಡುಮಧ್ಯಾಹ್ನ. ಸರ್ಟಿಫಿಕೇಟ್ ಹಿಡ್ಕೊಂಡು ಹೊರಗೆ ಬಂದೆ. ಅಪ್ಪ ಸ್ಟ್ಯಾಂಡಿನ ಚಪ್ಪಲಿ ರಾಶಿಯಲ್ಲಿ ನನ್ನದನ್ನ ಹುಡುಕಿ ತೆಗೆದು, ಕೈಯಲ್ಲಿ ಹಿಡ್ಕೊಂಡು ಕಾಯ್ತಿದ್ರು. ಬಗ್ಗಿ ನನ್ನ ಕಾಲ ಹತ್ರ ಇಟ್ರು.

"ಆಕ್ಕೋ, ನೆಲ ಸುಡ್ತದ."

ಅವರ ಚಪ್ಪಲಿ ಇನ್ನೂ ಬೇವಿನ ಮರದ ಕೆಳಗೇ ಇತ್ತು.

ಸೇವೆಯಲ್ಲಿ ತರಬೇತಿ ಪಡೆದವನು ಅಂತ ಸರ್ಟಿಫಿಕೇಟಲ್ಲಿ ಅಂದವಾಗಿ ಬರೆದಿದ್ದಾರೆ. ಹೆಸರು ಮಾತ್ರ ತಪ್ಪಾಗಿ ನನ್ನದು ಬಿದ್ದಿದೆ.