ಆಳಂದ ಬಸ್ ಸ್ಟ್ಯಾಂಡಿನ ದನಿ

ಮೊನ್ನೆ ಕಲಬುರ್ಗಿಯ ಕಿರಾಣಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಜ್ಯೇಷ್ಠಮಧು ಕೇಳಿದಳು. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಒಣ ಸಿಹಿ ವಾಸನೆಗೆ ಆಳಂದದ ಕಾಕಾ ನೆನಪಾದರು. ನಮ್ಮ ಪಕ್ಕದ ಮನೆಯವರು, ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಗಂಟಲಿಗೆ ಒಳ್ಳೆಯದೆಂದು ಆ ಕಡ್ಡಿಯನ್ನು ಜಗಿಯುತ್ತಲೇ ಇರುತ್ತಿದ್ದರು…

ಗಂಟಲೇ ಅವರ ನೌಕರಿ. ಮೈಕ್ ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಕಿಟಕಿಯಿಂದ ಮುಖ ಹೊರಗೆ ಚಾಚಿ "ನರೋಣಾ…" ಎಂದು ಊರ ಹೆಸರು ಎಳೆದರೆ ಗೇಟಿನಾಚೆ ಚಹಾ ಕುಡಿಯುತ್ತಿದ್ದವರೂ ಕಪ್ಪು ಕೆಳಗಿಟ್ಟು ಓಡಿಬರಬೇಕು. ಬೋರ್ಡು ಓದಲು ಬಾರದ ಮುದುಕಿಯರು ಬಸ್ಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಾಕಾ ಕೂಗುವವರೆಗೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಕಲಬುರ್ಗಿಯಲ್ಲಿ ಡಾಕ್ಟರಿಕೆ ಓದಲು ಹೋದದ್ದೂ ಅವರು ಕೂಗಿ ಹತ್ತಿಸಿದ ಬಸ್ಸಿನಲ್ಲೇ.

ನಾನು ಸರ್ಜರಿ ಕಲಿಯುತ್ತಿದ್ದಾಗ ರಜೆಗೆ ಊರಿಗೆ ಬಂದು ನೋಡಿದರೆ ಅವರ ಕುತ್ತಿಗೆಯ ಬಲಕ್ಕೆ ಗಂಟೆದ್ದಿತ್ತು. ಅಂಗಿಯ ಮೇಲಿನ ಗುಂಡಿ ಹತ್ತುತ್ತಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಹಿಡಿಯುತ್ತದೆ, ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಾರೆ ಎಂದು ಅವರ ಹೆಂಡತಿ, ನಮ್ಮ ಕಾಕು, ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು. ಒಪ್ಪಿಸಿ ಕಲಬುರ್ಗಿಗೆ ಕರೆದುಕೊಂಡು ಹೋದೆ.

ನನಗೆ ಕಲಿಸುತ್ತಿದ್ದ ಮೇಡಂ, ಕಾಕಾರ ಕುತ್ತಿಗೆ ಮುಟ್ಟಿ ನೋಡಿ, ತಮ್ಮ ಕುತ್ತಿಗೆಯ ಮೇಲೆಯೇ ಬೆರಳಿಟ್ಟು ತಿಳಿಸಿದರು. "ಇದು ಥೈರಾಯ್ಡ್ ಗಂಟು, ಕೊಯ್ದು ತೆಗಿಬೇಕ್ರಿ. ಥೈರಾಯ್ಡ್ ಅಂದ್ರ ಸಣ್ಣದರಿ, ಆದ್ರ ಇದಕ್ಕ ನೆತ್ತರ ಭಾಳ ಹರಿತದ. ಎರಡೂ ಮಗ್ಗಲಾಗ ಮ್ಯಾಲಿಂದೊಂದು, ಕೆಳಗಿಂದೊಂದು ದೊಡ್ಡ ನಾಳ ಬರ್ತಾವ. ಮ್ಯಾಲಿನ ನಾಳದ ಜೋಡಿಗೇ ದನಿ ಏರಿಸೋ ನರ ಅದ. ಕೆಳಗಿನ ನಾಳದ ಹತ್ರ ಮಾತಿನ ನರ."

"ಅಂದ್ರ ನಾಕೂ ಕಡಿಂದ ಗಾಡಿ ಬರೋ ಸ್ಟ್ಯಾಂಡ್ ಅನ್ರಿ," ಎಂದು ಕಾಕಾ ನಕ್ಕರು. ಆಮೇಲೆ ನಗು ಇಳಿಸಿ ಕೇಳಿದರು, "ನನ್ನ ದನಿ ಉಳಿತದೇನ್ರಿ?"

"ಉಳಿಸಾಕ ನೋಡ್ತೀವ್ರಿ. ಉಳದೇ ಉಳಿತದ ಅಂದ್ರ ಸುಳ್ಳ ಹೇಳಿದಂಗ ಆಗ್ತದ."

ಆಪರೇಷನ್ ದಿನ ಕೊರಳಲ್ಲಿದ್ದ ಇಷ್ಟಲಿಂಗವನ್ನು ಮೈಯಿಂದ ಅಗಲಿಸಲು ಅವರು ಒಪ್ಪಲಿಲ್ಲ. ಸಿಸ್ಟರ್ ಅದನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ಎಡರಟ್ಟೆಗೆ ಕಟ್ಟಿದರು. ಮೇಡಂಗೆ ನಾನು ನೆರವಾಗಿ ನಿಂತಿದ್ದೆ. ಮೇಲಿನ ರಕ್ತನಾಳದ ಕವಲುಗಳ ನಡುವೆಯೇ ದನಿ ಏರಿಸುವ ಆ ನರ ನುಸುಳಿತ್ತು, ನೂಲಿನಷ್ಟು ತೆಳುವಾಗಿ. ಎಲ್ಲವನ್ನೂ ಒಟ್ಟಿಗೆ ಹಿಡಿದು ಕಟ್ಟಿದರೆ ಕೆಲಸ ಬೇಗ ಮುಗಿಯುತ್ತದೆ, ನರವೂ ಮುಗಿಯುತ್ತದೆ. ಮೇಡಂ ಒಂದೊಂದೇ ಕವಲನ್ನು ಬಿಡಿಸಿ, ಗ್ರಂಥಿಗೆ ಅಂಟಿದಂತೆ ಕಟ್ಟಿದರು. ಕೆಳಗೆ ಅಕ್ಕಿಕಾಳಿನಂಥ, ಉಳಿಸಲೇಬೇಕಾದ ಬೇರೆ ಸಣ್ಣ ಗ್ರಂಥಿಗಳಿರುತ್ತವೆ. ಅವಕ್ಕೂ ಅದೇ ರಕ್ತ ಬೇಕು. ಅಲ್ಲಿಯೂ ಹಾಗೆಯೇ, ಅವಸರವಿಲ್ಲದ ಕೈ.

ವಾರ್ಡಿಗೆ ತಂದ ಮೇಲೆ ಕಾಕಾ ಎಚ್ಚರವಾಗಿ "ನೀರ ಕೊಡವ್ವ" ಎಂದರು. ಪೂರಾ ಅವರದೇ ದನಿ. ಕಾಕು ನನ್ನ ಎರಡೂ ಕೈ ಹಿಡಿದುಕೊಂಡರು.

ಮಧ್ಯಾಹ್ನ ಅವರಿಗೆ ಕೆಮ್ಮು ಹತ್ತಿತು. ಸ್ವಲ್ಪ ಹೊತ್ತಿಗೆ ಬ್ಯಾಂಡೇಜಿನ ಕೆಳಗೆ ಕುತ್ತಿಗೆ ಬಿಗಿದು ಉಬ್ಬತೊಡಗಿತು. ಕಾಕಾ ಎದ್ದು ಕೂತು ನನ್ನ ತೋಳು ಹಿಡಿದರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಈ ಆಪರೇಷನ್ನಿನ ನಂತರ ಒಳಗೆ ನಾಳ ಬಿಚ್ಚಿಕೊಂಡರೆ ರೋಗಿ ಸಾಯುವುದು ರಕ್ತ ಕಡಿಮೆಯಾಗಿ ಅಲ್ಲ, ತುಂಬಿಕೊಂಡ ರಕ್ತ ಉಸಿರಿನ ದಾರಿ ಕಟ್ಟಿ. "ಥಿಯೇಟರಿಗೆ ಓಡಬ್ಯಾಡ, ಹಾಸಿಗಿ ಮ್ಯಾಲೇ ಹೊಲಿಗಿ ಬಿಚ್ಚು," ಎಂದು ಮೇಡಂ ನಮಗೆಲ್ಲ ಎಷ್ಟೋ ಸಲ ಹೇಳಿದ್ದರು. ಸಿಸ್ಟರ್ ಕತ್ತರಿ ಕೊಟ್ಟರು. ಎಳೆಯ ವಯಸ್ಸಿನಿಂದ ನೋಡುತ್ತ ಬಂದ ಆ ಕುತ್ತಿಗೆಯ ಹೊಲಿಗೆಗಳನ್ನು ಕತ್ತರಿಸಿದೆ, ಒಳಪದರದ್ದೂ. ಕರಿದಾದ ಹೆಪ್ಪುರಕ್ತ ನನ್ನ ಅಂಗೈ ತುಂಬ ಬಂತು. ಆಮೇಲೆ ಒಂದು ಉಸಿರು… ಅದರ ಸಪ್ಪಳ ಇನ್ನೂ ಕಿವಿಯಲ್ಲಿದೆ. ಬಾಗಿಲಲ್ಲಿ ಕಾಕು ಸೆರಗು ಬಾಯಿಗೊತ್ತಿ ನಿಂತಿದ್ದರು.

ಮತ್ತೆ ಥಿಯೇಟರಿಗೆ ಒಯ್ದೆವು. ಕೆಮ್ಮಿನ ರಭಸಕ್ಕೆ ಮೇಲಿನ ನಾಳದ ಒಂದು ಗಂಟು ಜಾರಿ, ನಾಳದ ತುದಿ ಮೇಲಕ್ಕೆ ಸರಿದುಹೋಗಿತ್ತು. ಚಿಮ್ಮುವ ರಕ್ತದೊಳಗೆ ಅದನ್ನು ಹುಡುಕಿ ಹಿಡಿಯಬೇಕಿತ್ತು. ಮೇಡಂ ಹಿಡಿದರು. ಜೀವ ಉಳಿಯಿತು. ನರ ಅಲ್ಲಿಯೇ ಇತ್ತಲ್ಲ… ಅದಕ್ಕೆ ಪೆಟ್ಟಾಯಿತು.

ಮಾತು ಹೋಗಲಿಲ್ಲ. ಎದುರಿಗೆ ಕೂತವರಿಗೆ ಎಲ್ಲವೂ ಕೇಳುತ್ತಿತ್ತು. ಆದರೆ ದನಿ ಮೇಲೇರುತ್ತಿರಲಿಲ್ಲ. ಮೇಡಂ ಏನನ್ನೂ ಮುಚ್ಚಿಡದೆ ಹೇಳಿದಾಗ ಕಾಕಾ ತಲೆಯಾಡಿಸಿ, ಗೋಡೆಯ ಕಡೆ ತಿರುಗಿ, "ನರೋಣಾ" ಎಂದು ಕೂಗಿ ನೋಡಿದರು. ದನಿ ಅರ್ಧಕ್ಕೇ ಒಡೆಯಿತು.

ಊರಿಗೆ ಮರಳಿ ಬಹಳ ದಿನ ಹೊರಗೆ ಬರಲಿಲ್ಲವಂತೆ. ನಾನು ಫೋನ್ ಮಾಡಿದರೆ ಕಾಕುನೇ ಎತ್ತುತ್ತಿದ್ದರು. ಮುಂದೆ ಕೆಲಸಕ್ಕೆ ಹೋದ ಮೊದಲ ದಿನ ಮೈಕ್ ಹಾಕಿದರಂತೆ. ತಮ್ಮ ಒಡಕು ದನಿ ನಾಲ್ಕೂ ಮೂಲೆಯಿಂದ ತಮಗೇ ಕೇಳಿಸಿದ್ದೇ, ಬಂದ್ ಮಾಡಿ ಕೆಳಗಿಳಿದರು. ಬೆಂಚಿನಿಂದ ಬೆಂಚಿಗೆ ಹೋಗಿ, ಬಗ್ಗಿ, "ಆಯಿ, ಜಿಡಗಾ ಗಾಡಿ ಬಂದದ ಏಳ್ರಿ," ಎನ್ನತೊಡಗಿದರು. ನಿವೃತ್ತಿಯವರೆಗೂ ಹಾಗೆಯೇ ನಡೆದರು. ಒಮ್ಮೆ ನಾನೇ ನೋಡಿದೆ. ಕಣ್ಣು ಮಂಜಾದ ಮುದುಕಿಯೊಬ್ಬಳ ಬಟ್ಟೆಗಂಟು ಹಿಡಿದುಕೊಂಡು ಬಸ್ಸಿನ ಮೆಟ್ಟಿಲವರೆಗೆ ಹೋಗಿದ್ದರು. ನನ್ನನ್ನು ಕಂಡು, "ಕಾಲ ನೋಯ್ತಾವ ಬೇ, ಗಂಟಲಿಗೆ ಮಾತ್ರ ಆರಾಮ ಅದ," ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ನಕ್ಕರು.

ಈ ಬೇಸಿಗೆಯಲ್ಲಿ ಅವರ ಎದೆಬಡಿತ ನಿಂತಿತು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಆ ಹೊತ್ತಿಗೆ ಬೇರೊಬ್ಬ ರೋಗಿಯ ಕುತ್ತಿಗೆಯ ಮೇಲೆ ನನ್ನ ಕೈ ಇತ್ತು. ಕಿರಾಣಿ ಅಂಗಡಿಯಿಂದ ಬಂದ ಮರುದಿನ ರಜೆ ಹಾಕಿ ಆಳಂದಕ್ಕೆ ಹೋದೆ. ಕಾಕು ಒಬ್ಬರೇ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕಲ್ಲು ಆರಿಸತೊಡಗಿದೆ.

"ಮೊದಲ ಇಡೀ ದಿನ ಅಲ್ಲಿ ಒದರಿ ಮನಿಗೆ ಬಂದ್ರ ಬಾಯಿ ಬಿಡ್ತಿರಲಿಲ್ಲವ್ವ," ಎಂದರು ಕಾಕು, ಮೊರದಿಂದ ಕಣ್ಣೆತ್ತದೆ. "ಗಂಟಲ ದಣಿದದ ಅಂತಿದ್ರು. ನಾ ಒಬ್ಬಾಕಿನೇ ಮಾತಾಡೂದು. ದನಿ ಸಣ್ಣದಾದ ಮ್ಯಾಲೆ ಎಲ್ಲಾ ನನ್ನ ಮುಂದ ಹೇಳಾಕತ್ತಿದ್ರು. ಯಾರ ಮಗಳು ತವರಿಗೆ ಹೊಂಟಾಳ, ಯಾರು ಯಾವ ಗಾಡಿ ತಪ್ಪಿಸಿಕೊಂಡ್ರು, ಎಲ್ಲಾ… ಮಗ್ಗಲಾಗ ಕುಂತ್ರ ಮಾತ್ರ ಕೇಳಸ್ತಿತ್ತು. ಅದಕ್ಕ ಮಗ್ಗಲಾಗೇ ಕುಂದ್ರತಿದ್ದೆ."

ಬೇಳೆಯ ಮೇಲೆ ಆಡುತ್ತಿದ್ದ ಅವರ ಬೆರಳು ನಿಂತವು.

"ಈಗ ಮನಿ ಭಾಳ ಸುಮ್ಮಗ ಆಗ್ಯದ ನೋಡು," ಎಂದರು.